ನಾಲ್ಕು ತಾಲ್ಲೂಕು, ಒಂದು ಟ್ರಂಕು

ಎಂ.ಎ. ಮುಗಿಸಿ ಕೆ–ಸೆಟ್ ಪಾಸಾಗುವವರೆಗೆ ನನ್ನ ದೊಡ್ಡ ಪ್ರಯಾಣ ಎಂದರೆ ರೋಣ ತಾಲ್ಲೂಕಿನ ನಮ್ಮೂರಿನಿಂದ ಧಾರವಾಡಕ್ಕೆ ಹೋಗಿ ಬಂದದ್ದು. ಅದಕ್ಕೂ ಬಸ್ ನಿಲ್ದಾಣದವರೆಗೆ ಅಪ್ಪ ಬೇಕಿತ್ತು. 2021ರಲ್ಲಿ ಶ್ರೀರಂಗಪಟ್ಟಣದ ಕಾಲೇಜೊಂದರಲ್ಲಿ ಕನ್ನಡ ಅತಿಥಿ ಉಪನ್ಯಾಸಕಿಯ ಕೆಲಸ ಸಿಕ್ಕಿದಾಗ ಅಪ್ಪ, ‘ಒಂದ್ ವರ್ಷ ನೋಡವಾ, ಆಮ್ಯಾಲೆ ಲಗ್ನದ ಮಾತು’ ಅಂದ. ಅವ್ವ ಟ್ರಂಕಿನ ತುಂಬ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ತುಂಬಿದಳು.

ಆ ಒಂದು ವರ್ಷ ನಾಲ್ಕಾಯಿತು, ಊರೂ ನಾಲ್ಕಾದವು. ಅತಿಥಿ ಉಪನ್ಯಾಸಕರ ಬದುಕು ಗೊತ್ತಿದ್ದವರಿಗೆ ಕಾರಣ ಹೇಳಬೇಕಿಲ್ಲ. ಖಾಯಂ ಉಪನ್ಯಾಸಕರು ವರ್ಗವಾಗಿ ಬಂದರೆ ನಮ್ಮ ಕಾರ್ಯಭಾರ ಹೋಗುತ್ತದೆ. ಮತ್ತೆ ಅರ್ಜಿ, ಮತ್ತೆ ಕಾಯುವುದು, ಮತ್ತೆ ಬೇರೆ ಊರು.

ಶ್ರೀರಂಗಪಟ್ಟಣದಲ್ಲಿ ಮನೆ ಹುಡುಕುವುದೇ ಮೊದಲ ಪರೀಕ್ಷೆ. ‘ಒಬ್ಳೇ ಇರ್ತೀಯಾ? ಮನೇಲಿ ಯಾರೂ ಬರಲ್ವಾ?’ ಎಂದು ಕೇಳಿ ಇಬ್ಬರು ಬಾಗಿಲು ಹಾಕಿದರು. ಕೊನೆಗೆ ಗಂಜಾಂನಲ್ಲಿ ಒಂದು ರೂಮು ಸಿಕ್ಕಿತು. ಮೊದಲ ರಾತ್ರಿ ಚಿಲಕದ ಮೇಲೆ ನಂಬಿಕೆ ಬಾರದೆ ಟ್ರಂಕನ್ನು ಎಳೆದು ಬಾಗಿಲಿಗೆ ಒತ್ತಿಟ್ಟು ಮಲಗಿದೆ. ಮೊದಲ ತರಗತಿಯಲ್ಲಿ ‘ಯಾಕ್ರೀ ಹಂಗ ನಗ್ತೀರಿ?’ ಅಂದಿದ್ದಕ್ಕೆ ಮಕ್ಕಳು ಇನ್ನೂ ಜೋರಾಗಿ ನಕ್ಕರು. ಮುದ್ದೆಯನ್ನು ರೊಟ್ಟಿಯಂತೆ ಅಗಿಯುತ್ತಿದ್ದ ನನ್ನನ್ನು ನೋಡಿ ಮನೆಯ ಯಜಮಾನಿ, ‘ಅಗೀಬೇಡ ಕಣವ್ವ, ನುಂಗು’ ಎಂದು ಕಲಿಸಿದರು.

ಮರುವರ್ಷ ಪಾಂಡವಪುರ. ಗಂಜಾಂನಿಂದಲೇ ಓಡಾಡಬಹುದಿತ್ತು, ಆದರೆ ಮನೆಯವರಿಗೆ ಆ ರೂಮು ಬೇಕಾಯಿತು. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ ಫ್ರೆಂಚ್ ರಾಕ್ಸ್ ಎಂಬ ಹೆಸರಿದ್ದ ಊರದು. ಕಬ್ಬಿನ ಗದ್ದೆ, ಆಲೆಮನೆಯ ಬೆಲ್ಲದ ವಾಸನೆ, ದೂರಕ್ಕೆ ಕುಂತಿ ಬೆಟ್ಟ. ಅಲ್ಲಿ ಗ್ಯಾಸ್ ರೆಗ್ಯುಲೇಟರ್ ಜೋಡಿಸುವುದು, ಬಾಡಿಗೆ ಚೌಕಾಸಿ ಮಾಡುವುದು, ಮುಂಗಡ ಹಣಕ್ಕೆ ಚೀಟಿ ಬರೆಸಿಕೊಳ್ಳುವುದು ಕಲಿತೆ. ಟ್ರಂಕು ಬಾಗಿಲಿನಿಂದ ಗೋಡೆ ಪಕ್ಕಕ್ಕೆ ಸರಿಯಿತು.

2023ರಲ್ಲಿ ಕೆ.ಆರ್. ಪೇಟೆಗೆ ಹೋದಾಗ ನನಗೆ ಎಲ್ಲ ಗೊತ್ತು ಎಂಬ ಧೈರ್ಯ ಬಂದಿತ್ತು. ಒಂದು ಭಾನುವಾರ ಬಸ್ ಹತ್ತಿ ಕಿಕ್ಕೇರಿಗೂ ಹೋಗಿಬಂದೆ. ನಾನು ಪಾಠ ಮಾಡುವ ಕೆ.ಎಸ್. ನರಸಿಂಹಸ್ವಾಮಿ ಹುಟ್ಟಿದ ಊರು. ಆದರೆ ಆ ಮಳೆಗಾಲ ಡೆಂಗಿ ಜ್ವರ ಬಂತು. ಗೌರವಧನ ಬರುವುದು ತಡವಾಗಿ ಕೈಯಲ್ಲಿದ್ದದ್ದು ನಾನೂರು ರೂಪಾಯಿ. ಅವ್ವನ ಫೋನಿಗೆ ‘ಆರಾಮ ಅದೀನಿ’ ಎಂದೇ ಹೇಳುತ್ತಿದ್ದೆ. ಎರಡು ದಿನ ನನ್ನ ಬಾಗಿಲು ತೆರೆಯದ್ದು ನೋಡಿ ಪಕ್ಕದ ಮನೆಯ ಅಜ್ಜಿ ಬಂದು ತಟ್ಟಿದರು. ಆಟೊ ಕರೆಸಿ ಆಸ್ಪತ್ರೆಗೆ ಸೇರಿಸಿದ್ದು ಅವರ ಮೊಮ್ಮಗ. ‘ಕೇಳಿದ್ರೆ ನಿನ್ ಗಂಟೇನು ಹೋಗ್ತಿತ್ತು?’ ಎಂದು ಅಜ್ಜಿ ಗಂಜಿ ಕುಡಿಸುತ್ತಲೇ ಬೈದರು. ಯಾರನ್ನೂ ಏನೂ ಕೇಳದಿರುವುದೇ ಸ್ವಾವಲಂಬನೆ ಎಂದುಕೊಂಡಿದ್ದೆ. ಅಂದಿನಿಂದ ಎರಡು ಪಾಠ ಮರೆತಿಲ್ಲ: ಎರಡು ತಿಂಗಳ ಬಾಡಿಗೆ ಸದಾ ಬೇರೆ ಇರಬೇಕು, ಹೊಸ ಊರಿಗೆ ಹೋದ ಮೊದಲ ವಾರವೇ ಅಕ್ಕಪಕ್ಕದವರ ಪರಿಚಯ ಮಾಡಿಕೊಳ್ಳಬೇಕು.

ಕಳೆದ ವರ್ಷ ನಾಗಮಂಗಲ. ಕಾಲುವೆ ನೀರಿನ ಊರುಗಳನ್ನು ನೋಡಿ ಬಂದ ನನಗೆ ಮಳೆ ನಂಬಿದ ಇಲ್ಲಿನ ರಾಗಿ ಹೊಲಗಳು ನಮ್ಮೂರನ್ನೇ ನೆನಪಿಸಿದವು. ಅಷ್ಟರಲ್ಲಿ ಊರಿನಿಂದ ಒಂದು ಸಂಬಂಧದ ಸುದ್ದಿ. ಹುಡುಗನ ಕಡೆಯವರದು ಒಂದೇ ಮಾತು: ಕೆಲಸ ಬಿಡಬೇಕು. ನಾನು ಫೋನಿನಲ್ಲೇ ‘ಆಗೂದಿಲ್ಲಪ್ಪ’ ಅಂದೆ. ಅಪ್ಪ ಒಂದು ತಿಂಗಳು ಮಾತು ಬಿಟ್ಟ. ಆ ತಿಂಗಳು ಪಾಠ ಮಾಡುವಾಗಲೂ ಫೋನಿನ ಕಡೆಗೇ ಕಣ್ಣು. ನಾನು ಗಳಿಸಿದ್ದೆಷ್ಟು, ಕಳೆದದ್ದೆಷ್ಟು ಎಂದು ರಾತ್ರಿಯೆಲ್ಲ ಲೆಕ್ಕ ಹಾಕುತ್ತಿದ್ದೆ.

ಒಂದು ಬೆಳಿಗ್ಗೆ ಅವ್ವನ ಫೋನು: ‘ನಾಗಮಂಗಲ ಬಸ್‌ಸ್ಟ್ಯಾಂಡಿನ್ಯಾಗ ಅದೀನಿ, ಬಾ.’

ಅಪ್ಪನಿಲ್ಲದೆ ಗದಗ ದಾಟದ ಅವ್ವ ಒಬ್ಬಳೇ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಬಂದು, ಅಲ್ಲಿ ಕೇಳಿ ಕೇಳಿ ಇನ್ನೊಂದು ಬಸ್ ಹಿಡಿದಿದ್ದಳು. ಸೆರಗಿನ ಗಂಟಿನಲ್ಲಿ ಆಧಾರ್ ಕಾರ್ಡು, ‘ಶಕ್ತಿ’ ಯೋಜನೆಯ ಸೊನ್ನೆ ರೂಪಾಯಿಯ ಎರಡು ಟಿಕೆಟ್ಟು. ಕುರ್ಚಿ ಇಲ್ಲದ ನನ್ನ ರೂಮಿನಲ್ಲಿ ಟ್ರಂಕಿನ ಮೇಲೆ ಕೂತು ಗ್ಯಾಸ್, ಪುಸ್ತಕ, ಕಿಟಕಿಯಲ್ಲಿನ ತುಳಸಿ ಎಲ್ಲವನ್ನೂ ನೋಡಿದಳು. ಮಧ್ಯಾಹ್ನ ಮುದ್ದೆ, ಹುರುಳಿಕಾಳಿನ ಸಾರು ಮಾಡಿದೆ. ಅವ್ವ ಅಗಿಯತೊಡಗಿದಳು. ‘ಅಗೀಬ್ಯಾಡವಾ, ನುಂಗು’ ಅಂದೆ. ಇಬ್ಬರಿಗೂ ನಗು ತಡೆಯಲಿಲ್ಲ.

ನಾಲ್ಕು ದಿನ ಇದ್ದು ಹೊರಟಾಗ, ಬೆಂಗಳೂರಿನವರೆಗೆ ಬರುತ್ತೇನೆ ಅಂದೆ. ‘ಯಾಕ? ಬಂದ ದಾರಿ ನನಗ ಗೊತ್ತಿಲ್ಲೇನು?’ ಎಂದು ಕಿಟಕಿ ಪಕ್ಕದ ಸೀಟು ಹಿಡಿದಳು. ಮರುದಿನ ಸಂಜೆ ಅಪ್ಪನ ಫೋನು ಬಂತು. ಲಗ್ನದ ಮಾತಿಲ್ಲ. ‘ನಿಮ್ಮವ್ವ ಮುದ್ದಿ ಮಾಡಾಕ ಹತ್ಯಾಳ. ನೀರು ಎಷ್ಟ್ ಹಾಕಬೇಕಂತ ಕೇಳಾಕ ಹತ್ಯಾಳ’ ಅಂದ.

ಮುಂದಿನ ವರ್ಷ ಯಾವ ಊರೋ ಗೊತ್ತಿಲ್ಲ. ಟ್ರಂಕು ಗಟ್ಟಿ ಇದೆ.