ಪರದೇಶದಲ್ಲಿ ಕಾಯಿಲೆ, ಕೈಯಲ್ಲಿ ಪ್ರಯಾಣ ವಿಮೆ: ತಪ್ಪು ಕಲ್ಪನೆ ಮತ್ತು ಸತ್ಯ

ಮಗಳ ಬಾಣಂತನಕ್ಕೋ ಮಗನ ಗೃಹಪ್ರವೇಶಕ್ಕೋ ಮಂಡ್ಯ, ಮದ್ದೂರು, ಮಳವಳ್ಳಿಗಳ ವೃದ್ಧ ದಂಪತಿಗಳು ಅಮೆರಿಕಕ್ಕೆ ವಿಮಾನವೇರುವುದು ಈಗ ಅಪೂರ್ವವಾದ ಸಂಗತಿಯಲ್ಲ. ಆದರೆ ಮಕ್ಕಳು ಕೊಂಡುಕೊಟ್ಟ ವಿಮಾಪತ್ರವನ್ನು ಓದದೆಯೇ ಪೆಟ್ಟಿಗೆಯಲ್ಲಿರಿಸಿ ಹೊರಟವರಿಗೆ, ವ್ಯಾಧಿಯು ಬಂದೊದಗಿದ ಮೇಲೆ, ತಮ್ಮ ನಂಬಿಕೆಗಳೇ ವ್ಯಾಧಿಗಿಂತ ಹೆಚ್ಚಿನ ಸಂಕಟವನ್ನು ತಂದೊಡ್ಡುವುದುಂಟು.

ತಪ್ಪು ಕಲ್ಪನೆ: ರೈಲು ಟಿಕೆಟ್ಟಿನೊಡನೆ ಪಡೆದ ವಿಮೆ ದಾರಿಯ ಕಾಯಿಲೆಗೂ ಸಲ್ಲುತ್ತದೆ.

ಸತ್ಯ: ವಿಮೆಯ ಬಗೆಗಿನ ತಪ್ಪು ನಂಬಿಕೆಗಳು ಪರದೇಶದ ಪ್ರಯಾಣಕ್ಕೇ ಸೀಮಿತವಲ್ಲ. ಮದ್ದೂರಿನಿಂದಲೋ ಮಂಡ್ಯದಿಂದಲೋ ಕಾಶಿಯಾತ್ರೆಗೆ ಹೊರಡುವವರು ಐಆರ್‌ಸಿಟಿಸಿ ಮೂಲಕ ಟಿಕೆಟ್ಟು ಕಾದಿರಿಸುವಾಗ ಒಂದು ರೂಪಾಯಿಗೂ ಕಡಿಮೆ ಹಣಕ್ಕೆ ದೊರೆಯುವ ಆ ವಿಮೆಯು, ರೈಲು ಅಪಘಾತ ಮತ್ತು 1989ರ ರೈಲ್ವೆ ಕಾಯಿದೆಯು ಹೆಸರಿಸುವ ಅಹಿತಕರ ಘಟನೆಗಳಿಗೆ ಮಾತ್ರ ಮೀಸಲು. ಗಾಯಾಳುವಿನ ಆಸ್ಪತ್ರೆಯ ವೆಚ್ಚಕ್ಕೆ 2 ಲಕ್ಷ ರೂಪಾಯಿಗಳವರೆಗೆ ಕೊಡುವ ಅದು, ಜ್ವರಕ್ಕಾಗಲಿ ಹೃದಯಾಘಾತಕ್ಕಾಗಲಿ ಬಿಡಿಗಾಸನ್ನೂ ಕೊಡದು.

ತಪ್ಪು ಕಲ್ಪನೆ: ಸಕ್ಕರೆ ಕಾಯಿಲೆ, ಬಿ.ಪಿ. ಇರುವುದನ್ನು ವಿದೇಶ ಪ್ರಯಾಣ ವಿಮೆಯ ಅರ್ಜಿಯಲ್ಲಿ ಬರೆಯದಿರುವುದೇ ಕ್ಷೇಮ.

ಸತ್ಯ: ಎಲ್ಲಕ್ಕಿಂತ ಅಪಾಯಕರವಾದ ನಂಬಿಕೆ ಇದೇ. 2009ರಲ್ಲಿ ಬಂಧುಗಳ ಮನೆಯ ಮದುವೆಗೆಂದು ಅಮೆರಿಕಕ್ಕೆ ಹೋದ ಭಾರತೀಯ ಗೃಹಸ್ಥರೊಬ್ಬರು ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣದಲ್ಲಿಯೇ ಬೆವೆತು ಬಸವಳಿದು, ಆಸ್ಪತ್ರೆಗೆ ಸೇರಿ, ಹೃದಯದ ರಕ್ತನಾಳಗಳಿಗೆ ಸ್ಟೆಂಟುಗಳನ್ನು ಹಾಕಿಸಿಕೊಳ್ಳಬೇಕಾಯಿತು. ಹಿಂದಿನ ಕಾಯಿಲೆಯನ್ನು ಮರೆಮಾಚಿದರೆಂದು ವಿಮಾ ಕಂಪನಿಯು ಅವರ ಕ್ಲೈಮನ್ನು ತಿರಸ್ಕರಿಸಿತು. 2021ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತಿರಸ್ಕಾರವನ್ನು ಅಕ್ರಮವೆಂದು ಸಾರಿತು. ಅರ್ಜಿದಾರನು ತಿಳಿಸಿದ ಆರೋಗ್ಯಸ್ಥಿತಿಯನ್ನು ಪರಿಶೀಲಿಸಿ ಪಾಲಿಸಿ ಕೊಟ್ಟ ಬಳಿಕ, ಅದೇ ಸ್ಥಿತಿಯನ್ನು ನೆಪಮಾಡಿ ಹಣವನ್ನು ನಿರಾಕರಿಸಲಾಗದೆಂಬುದು ಆ ತೀರ್ಪಿನ ಸಾರ. ಅದನ್ನು ಬರೆದವರು ಮಂಡ್ಯ ಜಿಲ್ಲೆಯ ಪಾಂಡವಪುರ ತಾಲ್ಲೂಕಿನ ಮೂಲದವರೂ ಭಾರತದ ಮುಖ್ಯ ನ್ಯಾಯಮೂರ್ತಿಯಾಗಿದ್ದವರೂ ಆದ ಇ. ಎಸ್. ವೆಂಕಟರಾಮಯ್ಯನವರ ಪುತ್ರಿ, ನ್ಯಾಯಮೂರ್ತಿ ಬಿ. ವಿ. ನಾಗರತ್ನ. ಆದಕಾರಣ ಬರೆದ ಸತ್ಯವೇ ರೋಗಿಗೆ ರಕ್ಷೆ. ಆದರೂ ಹಳೆಯ ಕಾಯಿಲೆಯ ಚಿಕಿತ್ಸೆಯನ್ನು ಹೊರಗಿಡುವ, ಅಥವಾ ಪ್ರಾಣಾಪಾಯದ ಸಂದರ್ಭಕ್ಕೆ ಮಾತ್ರ ಒಪ್ಪುವ ಪಾಲಿಸಿಗಳು ಅನೇಕವಿರುವುದರಿಂದ, ಆ ಷರತ್ತನ್ನು ಹಣ ಕಟ್ಟುವ ಮೊದಲೇ ಓದತಕ್ಕದ್ದು.

ತಪ್ಪು ಕಲ್ಪನೆ: ಊರಿಗೆ ಮರಳಿ ಬಿಲ್ಲುಗಳನ್ನು ಕೊಟ್ಟರೆ ಪೂರ್ತಿ ಹಣ ಬರುತ್ತದೆ.

ಸತ್ಯ: ಆಸ್ಪತ್ರೆಗೆ ಸೇರುತ್ತಲೇ ಪಾಲಿಸಿಯಲ್ಲಿ ನಮೂದಿಸಿದ ಸಹಾಯವಾಣಿಗೆ ತಿಳಿಸುವುದು ಪ್ರಥಮ ಕರ್ತವ್ಯ, ನಗದುರಹಿತ ಚಿಕಿತ್ಸೆಗೆ ಅದೇ ದಾರಿ. ಅನಿವಾರ್ಯ ಕಾರಣದಿಂದ ತಡವಾದರೆ, ತಡವಾಯಿತೆಂಬ ಒಂದೇ ಕಾರಣಕ್ಕೆ ನ್ಯಾಯವಾದ ಕ್ಲೈಮನ್ನು ತಳ್ಳಿಹಾಕಬಾರದೆಂದು ವಿಮಾ ನಿಯಂತ್ರಣ ಪ್ರಾಧಿಕಾರವು 2011ರಲ್ಲಿಯೇ ಕಂಪನಿಗಳಿಗೆ ಸೂಚಿಸಿದೆ. ಪಾಲಿಸಿಯಲ್ಲಿ ಡಿಡಕ್ಟಿಬಲ್ ಎಂದು ಕಾಣಿಸಿದ ಮೊತ್ತವನ್ನಂತೂ ರೋಗಿಯೇ ಭರಿಸಬೇಕು. ಮೂಲ ಬಿಲ್ಲು, ಹಣ ಕಟ್ಟಿದ ರಸೀದಿ, ವೈದ್ಯರ ಚೀಟಿ, ಡಿಸ್‌ಚಾರ್ಜ್ ಸಮ್ಮರಿ, ಪಾಸ್‌ಪೋರ್ಟಿನ ಪ್ರತಿ, ಬೋರ್ಡಿಂಗ್ ಪಾಸ್, ಇವುಗಳಲ್ಲೊಂದನ್ನೂ ಕಳೆಯಬಾರದು.

ತಪ್ಪು ಕಲ್ಪನೆ: ಕಂಪನಿ ಇಲ್ಲವೆಂದರೆ ಅಲ್ಲಿಗೆ ಮುಗಿಯಿತು.

ಸತ್ಯ: ಮೊದಲು ಕಂಪನಿಗೇ ಲಿಖಿತ ದೂರು ಕೊಟ್ಟು, ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನಕರವಲ್ಲದಿದ್ದರೆ, ವರ್ಷ ಕಳೆಯುವುದರೊಳಗಾಗಿ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ದೂರನ್ನೊಪ್ಪಿಸಬಹುದು, ಅಲ್ಲಿ ಶುಲ್ಕವಿಲ್ಲ. ಮಾತ್ರವಲ್ಲದೆ, 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ದೂರುದಾರನಿಗೆ ತಾನು ವಾಸಿಸುವ ಸ್ಥಳದಲ್ಲಿಯೇ ವ್ಯಾಜ್ಯ ಹೂಡುವ ಹಕ್ಕನ್ನಿತ್ತಿರುವುದರಿಂದ, ಕಾಯಿಲೆ ಬಿದ್ದುದು ಅಮೆರಿಕದಲ್ಲಾದರೂ ಮಳವಳ್ಳಿಯ ರೈತನು ಮಂಡ್ಯದ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಎರಡು ವರ್ಷಗಳೊಳಗೆ ನ್ಯಾಯವನ್ನು ಕೇಳಬಹುದು.

ಆದುದರಿಂದ ಪ್ರಯಾಣಕ್ಕೆ ಮುನ್ನ ತಂದೆತಾಯಿಗಳೂ ಮಕ್ಕಳೂ ಒಡಗೂಡಿ ಕುಳಿತು, ದಿನವೂ ನುಂಗುವ ಮಾತ್ರೆಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಅರ್ಜಿಯ ಪ್ರತಿಯೊಂದು ಪ್ರಶ್ನೆಗೂ ಉತ್ತರ ಬರೆಯಲಿ. ಹಾಗೆ ಬರೆದ ಅರ್ಜಿಯ ಒಂದು ಪ್ರತಿಯನ್ನು ತಮ್ಮಲ್ಲಿಯೂ ಉಳಿಸಿಕೊಳ್ಳಲಿ. ವಿವಾದ ಹುಟ್ಟಿದ ದಿನ ಆಯೋಗದ ಮುಂದೆ ಅವರ ಪರವಾಗಿ ಸಾಕ್ಷ್ಯ ನುಡಿಯುವುದು ಆ ಹಾಳೆಯೇ.