ಟೆಲಿವಿಷನ್ನನ್ನು ಗೋಡೆಗೆ ಹಾಕಿಸುವ ಮುನ್ನ

ಕಳೆದ ವರ್ಷ ಒಂದು ಸಂಜೆ ಪಡಸಾಲೆಯನ್ನು ಗುಡಿಸುತ್ತಿದ್ದ ನನ್ನ ತಾಯಿಯವರು, “ಇಲ್ಲಿ ದಿನವೂ ಗಾರೆಯ ಪುಡಿ ಬೀಳುತ್ತಿದೆಯಲ್ಲಪ್ಪಾ, ಇರುವೆ ಗೂಡು ಕಟ್ಟಿದೆಯೇನೋ ನೋಡು” ಎಂದರು. ನೋಡಿದಾಗ, ಪುಡಿ ಉದುರುತ್ತಿದ್ದುದು ಆರು ತಿಂಗಳ ಹಿಂದೆ ಗೋಡೆಗೆ ಹಾಕಿಸಿದ್ದ ಟೆಲಿವಿಷನ್ನಿನ ಹಿಂಬದಿಯಿಂದ. ಅದನ್ನು ಹೊತ್ತ ಬ್ರಾಕೆಟ್ಟಿನ ಉಕ್ಕಿನ ಫಲಕವು ಮೇಲ್ಭಾಗದಲ್ಲಿ ಗೋಡೆಯನ್ನು ಬಿಟ್ಟು, ಒಂದು ಅಂಚೆಕಾರ್ಡು ತೂರುವಷ್ಟು ಸಂದಾಗಿತ್ತು. ಅದರ ಕೆಳಗೇ ನನ್ನ ಐದು ವರ್ಷದ ಮಗಳು ಗೊಂಬೆಗಳನ್ನು ಹರಡಿಕೊಂಡು ಕುಳಿತಿದ್ದಳು.

ಸನ್ನೆಯ ತತ್ತ್ವವನ್ನು ವರ್ಷವರ್ಷವೂ ತರಗತಿಯಲ್ಲಿ ಬೋಧಿಸುವ ನಾನು ನನ್ನ ಮನೆಯ ಗೋಡೆಯ ಮುಂದೆ ಅದನ್ನು ಮರೆತಿದ್ದೆ. ಬ್ರಾಕೆಟ್ಟಿನ ಪೆಟ್ಟಿಗೆಯ ಮೇಲೆ “30 ಕಿಲೋಗ್ರಾಂ ಹೊರಬಲ್ಲದು” ಎಂದಿತ್ತು. ನಮ್ಮ ಟೆಲಿವಿಷನ್ನಿನ ತೂಕ ಸುಮಾರು 10 ಕಿಲೋಗ್ರಾಂ. ಇದು ಧಾರಾಳವಾಯಿತೆಂದು ತೃಪ್ತನಾಗಿದ್ದೆ. ಆದರೆ ಆ ಅಂಕೆಯು ಉಕ್ಕಿನ ಬಲವನ್ನು ಹೇಳುತ್ತದೆಯೇ ಹೊರತು ನಮ್ಮ ಗೋಡೆಯ ಬಲವನ್ನಲ್ಲ.

ಇಂತಹ ಬ್ರಾಕೆಟ್ಟುಗಳಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಸ್ಥಿರವಾದುದು, ತೆರೆಯನ್ನು ಗೋಡೆಗೆ ಒತ್ತಿದಂತೆ ಹಿಡಿದಿರುತ್ತದೆ. ಎರಡನೆಯದು ಬಾಗುವಂಥದು, ತೆರೆಯು ಕೆಲವು ಡಿಗ್ರಿಗಳಷ್ಟು ಮುಂದಕ್ಕೆ ತಲೆಬಾಗಬಲ್ಲದು. ಮೂರನೆಯದು ತೋಳುಳ್ಳದ್ದು, ತೆರೆಯನ್ನು ಗೋಡೆಯಿಂದ ಮುಂದಕ್ಕೆ ಎಳೆದು ಎಡಬಲಗಳಿಗೆ ತಿರುಗಿಸಬಹುದು. ನಾನು ಕೊಂಡದ್ದು ಈ ಮೂರನೆಯದನ್ನು. ತೂಕವು ಮೂರರಲ್ಲಿಯೂ ಒಂದೇ. ಹಾಗಾದರೆ ವ್ಯತ್ಯಾಸವೆಲ್ಲಿ?

ಒಂದು ದಪ್ಪ ಪುಸ್ತಕವನ್ನು ಎದೆಗೆ ಅವಚಿಕೊಂಡು ನಿಲ್ಲಿರಿ, ಆಯಾಸವೇನೂ ತೋರದು. ಅದನ್ನೇ ಕೈ ನೀಡಿ ಹಿಡಿಯಿರಿ. ಕ್ಷಣಕಾಲದಲ್ಲಿ ಭುಜವು ನೋಯತೊಡಗುತ್ತದೆ. ಪುಸ್ತಕದ ತೂಕ ಹೆಚ್ಚಲಿಲ್ಲ, ದೂರ ಹೆಚ್ಚಿತು. ಬಲವನ್ನೂ ದೂರವನ್ನೂ ಗುಣಿಸಿದ ಲಬ್ಧಕ್ಕೆ ಭ್ರಾಮಕವೆಂದು ಹೆಸರು. ಭುಜವು ತಡೆದುಕೊಳ್ಳಬೇಕಾದುದು ಅದನ್ನೇ.

ಗೋಡೆಯಿಂದ ಹೊರಚಾಚಿದ ತೊಲೆಯ ತುದಿಗೆ ಭಾರವನ್ನು ತೂಗಿಬಿಟ್ಟರೆ ಏನಾಗುವುದೆಂಬ ಪ್ರಶ್ನೆಯನ್ನು ಗೆಲಿಲಿಯೋ 1638ರಲ್ಲಿ ಲೈಡನ್ ನಗರದಲ್ಲಿ ಪ್ರಕಟವಾದ ತನ್ನ ‘ಎರಡು ನೂತನ ವಿಜ್ಞಾನಗಳು’ ಎಂಬ ಗ್ರಂಥದಲ್ಲಿ ಚರ್ಚಿಸಿದ್ದಾನೆ. ತೊಲೆಯ ಬುಡದ ಕೆಳ ಅಂಚನ್ನು ಆತನು ಸನ್ನೆಯ ಆಧಾರಬಿಂದುವೆಂದು ಎಣಿಸಿದನು. ನಮ್ಮ ಬ್ರಾಕೆಟ್ಟಿಗೂ ಇದೇ ನ್ಯಾಯ. ಫಲಕದ ಕೆಳ ಅಂಚು ಗೋಡೆಗೆ ಒತ್ತಿಕೊಳ್ಳುತ್ತದೆ. ಮೇಲಿನ ಬೋಲ್ಟುಗಳು ಹೊರಕ್ಕೆ ಸೆಳೆಯಲ್ಪಡುತ್ತವೆ.

ಲೆಕ್ಕ ಸುಲಭವಾದುದು. ಕೆಳ ಅಂಚಿನಿಂದ ಮೇಲಿನ ಬೋಲ್ಟುಗಳಿಗೆ 20 ಸೆಂಟಿಮೀಟರ್ ದೂರವಿರಲಿ. ಸ್ಥಿರ ಬ್ರಾಕೆಟ್ಟಿನಲ್ಲಿ ಟೆಲಿವಿಷನ್ನಿನ ಗುರುತ್ವಕೇಂದ್ರವು ಗೋಡೆಯಿಂದ 5 ಸೆಂಟಿಮೀಟರ್ ದೂರದಲ್ಲಿದ್ದರೆ, ಬೋಲ್ಟುಗಳ ಮೇಲಿನ ಸೆಳೆತ 10 × 5 ÷ 20, ಅಂದರೆ ಎರಡೂವರೆ ಕಿಲೋಗ್ರಾಂ ಭಾರದಷ್ಟು. ತೋಳನ್ನು 50 ಸೆಂಟಿಮೀಟರ್ ಚಾಚಿದೊಡನೆ ಅದು 25 ಕಿಲೋಗ್ರಾಂ ಆಗುತ್ತದೆ. 20 ಕಿಲೋಗ್ರಾಂ ತೂಕದ ಮಗುವೊಂದು ಆಟದ ಭರದಲ್ಲಿ ಅದಕ್ಕೆ ಜೋತುಬಿದ್ದರೆ 75! ತೋಳಿನ ಸ್ವಂತ ತೂಕವನ್ನು ಇಲ್ಲಿ ಸೇರಿಸಿಲ್ಲ.

ಈ ಸೆಳೆತವನ್ನು ತಡೆಯುವುದು ಯಾವುದು? ರಂಧ್ರದೊಳಗಿನ ಬೆಣೆಯು ಬೋಲ್ಟನ್ನು ತಿರುಗಿಸಿದಂತೆಲ್ಲ ಹಿಗ್ಗಿ ಸುತ್ತಲಿನ ಗೋಡೆಯನ್ನು ಒತ್ತುತ್ತದೆ. ಆ ಒತ್ತಡದಿಂದ ಹುಟ್ಟುವ ಘರ್ಷಣೆಯೇ ಮುಖ್ಯ ಹಿಡಿತ. ಆದಕಾರಣ ಬೆಣೆಯು ಗಾರೆಯನ್ನು ದಾಟಿ ಗಟ್ಟಿಯಾದ ಇಟ್ಟಿಗೆ ಅಥವಾ ಕಾಂಕ್ರೀಟಿನೊಳಗೆ ಇಳಿದಿರಲೇಬೇಕು. ನಮ್ಮ ಮನೆಯಲ್ಲಿ ಬೆಣೆಯ ಬಹುಭಾಗವು ಗಾರೆಯಲ್ಲಿಯೇ ನಿಂತಿತ್ತು. ತೋಳನ್ನು ಪ್ರತಿದಿನ ಎಳೆದು ದೂಡಿದಂತೆಲ್ಲ ಗಾರೆಯು ಕಣಕಣವಾಗಿ ಉದುರಿತ್ತು.

ಆದುದರಿಂದ ಬ್ರಾಕೆಟ್ಟನ್ನು ಆರಿಸುವ ಮುನ್ನ ಗೋಡೆಯನ್ನು ಪರೀಕ್ಷಿಸಬೇಕು. ಟೊಳ್ಳು ಸಿಮೆಂಟ್ ಇಟ್ಟಿಗೆಯ ಗೋಡೆಯಲ್ಲಿ ಸಾಮಾನ್ಯ ಬೆಣೆಗೆ ಒತ್ತಲು ನೆಲೆಯಿರದು. ಟೊಳ್ಳಿನೊಳಗೆ ಹೋಗಿ ಅಗಲವಾಗಿ ಬಿಚ್ಚಿಕೊಳ್ಳುವ ವಿಶೇಷ ಬೋಲ್ಟುಗಳು ಬೇಕು. ಜಿಪ್ಸಮ್ ಹಲಗೆಯ ಗೋಡೆಯಾದರೆ ಹಲಗೆಯ ಹಿಂದಿನ ಚೌಕಟ್ಟಿಗೇ ಬಿಗಿಯಬೇಕು. ಹಳೆಯ ಮಣ್ಣಿನ ಗೋಡೆಯಾದರೆ ಮೇಜೇ ಮೇಲು. ಸ್ವಿಚ್ಚುಗಳ ನೇರಕ್ಕೆ ಗೋಡೆಯೊಳಗೆ ವಿದ್ಯುತ್ ತಂತಿಗಳು ಹುದುಗಿರುವುದುಂಟು. ಅಲ್ಲಿ ರಂಧ್ರವನ್ನು ಕೊರೆಯಬಾರದು.

ಎರಡನೆಯದಾಗಿ, ತೋಳು ನಿಜವಾಗಿ ಬೇಕೇ ಎಂದು ಕೇಳಿಕೊಳ್ಳಬೇಕು. ತೆರೆಯ ನಡುಭಾಗವು ಕುಳಿತವರ ಕಣ್ಣಿನ ಮಟ್ಟದಲ್ಲಿದ್ದು ಎಲ್ಲರೂ ಎದುರಿಗೇ ಕೂರುವುದಾದರೆ ಸ್ಥಿರ ಬ್ರಾಕೆಟ್ಟು ಸಾಕು. ತೆರೆಯು ಕಣ್ಣಿಗಿಂತ 60 ಸೆಂಟಿಮೀಟರ್ ಮೇಲಿದ್ದು ನೋಡುವವರು 3 ಮೀಟರ್ ದೂರದಲ್ಲಿದ್ದರೆ, ದೃಷ್ಟಿರೇಖೆಯು ಸುಮಾರು 11 ಡಿಗ್ರಿಗಳಷ್ಟು ಮೇಲ್ಮುಖವಾಗುತ್ತದೆ. ಬಾಗುವ ಬ್ರಾಕೆಟ್ಟು ಅಷ್ಟನ್ನು ಸರಿಪಡಿಸಬಲ್ಲದು. ಎರಡು ಕಡೆಗಳಿಂದ ನೋಡಬೇಕಾದ ಕೋಣೆಗಳಲ್ಲಿ ಮಾತ್ರ, ಅದೂ ಗೋಡೆ ಗಟ್ಟಿಯಾಗಿದ್ದರೆ, ತೋಳಿನ ಮಾತು.

ಟೆಲಿವಿಷನ್ನಿನ ಬೆನ್ನಿನಲ್ಲಿರುವ ನಾಲ್ಕು ತಿರುಪಿನ ರಂಧ್ರಗಳ ಅಂತರವು ಬ್ರಾಕೆಟ್ಟಿಗೆ ಹೊಂದಬೇಕು. ‘ವೆಸಾ’ ಎಂಬ ಸಂಸ್ಥೆಯು ಈ ಅಂತರಗಳನ್ನು ಗೊತ್ತುಮಾಡಿದೆ. ‘200 × 200’ ಎಂದರೆ ಅಡ್ಡಕ್ಕೂ ಉದ್ದಕ್ಕೂ 200 ಮಿಲಿಮೀಟರ್. ಈ ಹೊಂದಿಕೆಯನ್ನು ಅಂಗಡಿಯವರು ನೋಡಿಕೊಳ್ಳುತ್ತಾರೆ; ಗೋಡೆಯನ್ನು ನಾವೇ ನೋಡಿಕೊಳ್ಳಬೇಕು.

ಆ ರಾತ್ರಿಯೇ ಟೆಲಿವಿಷನ್ನನ್ನು ಕೆಳಗಿಳಿಸಿದೆವು. ಈಗ ಅದು ಇಟ್ಟಿಗೆಯೊಳಕ್ಕೆ ಇಳಿದ ನಾಲ್ಕು ಬೋಲ್ಟುಗಳ ಮೇಲೆ, ಬಾಗುವ ಬ್ರಾಕೆಟ್ಟಿನಲ್ಲಿ ನೆಲೆಸಿದೆ. ಹಳೆಯ ತೋಳನ್ನು ಕಾಲೇಜಿಗೆ ಒಯ್ದಿದ್ದೇನೆ. ಭ್ರಾಮಕದ ಪಾಠ ಬಂದಾಗ ಅದನ್ನು ಮೇಜಿನ ಮೇಲಿಟ್ಟು ವಿದ್ಯಾರ್ಥಿಗಳಿಗೆ ತೋರಿಸುತ್ತೇನೆ. ತಾಯಿಯವರು ಮಾತ್ರ ಇಂದಿಗೂ ಗುಡಿಸುವಾಗ ಆ ಮೂಲೆಯನ್ನು ಒಮ್ಮೆ ಬಗ್ಗಿ ನೋಡುತ್ತಾರೆ.