ನಾದವನ್ನು ಕಟ್ಟುವ ಯಂತ್ರ

ರಾಯಚೂರು ಜಿಲ್ಲೆಯು ಹರಿದಾಸರ ನಾಡೆಂದು ಹೆಸರಾದುದು. ವಿಜಯದಾಸರು ಹುಟ್ಟಿದ ಚೀಕಲಪರ್ವಿ, ಗೋಪಾಲದಾಸರ ಮೊಸರಕಲ್ಲು, ಜಗನ್ನಾಥದಾಸರು ನೆಲೆಸಿದ ಮಾನ್ವಿ, ಇವೆಲ್ಲವೂ ಕೃಷ್ಣೆ ಮತ್ತು ತುಂಗಭದ್ರೆಯರ ನಡುವಣ ಈ ನೆಲದಲ್ಲಿಯೇ ಇವೆ. ರಾಯಚೂರು ನಗರದ ರಂಗಮಂದಿರವು ಈ ಜಿಲ್ಲೆಯವರೇ ಆದ ಗಾಯಕ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರ ಹೆಸರನ್ನು ಹೊತ್ತಿದೆ. ದಾಸರ ಪದಗಳಿಗೂ ಪಂಡಿತರ ಗಾಯನಕ್ಕೂ ಸಮಾನವಾಗಿ ಆಧಾರವಾಗಿದ್ದ ವಾದ್ಯವೊಂದಿದೆ. ಅದೇ ತಂಬೂರಿ. ಅದು ರಾಗವನ್ನು ನುಡಿಸುವುದಿಲ್ಲ, ತಾಳವನ್ನು ಹಾಕುವುದಿಲ್ಲ. ಆದರೂ ಅದು ನಿಂತಿತೆಂದರೆ ಹಾಡುವವನ ಕಾಲಡಿಯ ನೆಲವೇ ಸರಿದಂತಾಗುತ್ತದೆ.

ಈ ತಂಬೂರಿಯ ನಾದವನ್ನು ತಂತಿಯಿಲ್ಲದೆ, ಮರವಿಲ್ಲದೆ, ಬುರುಡೆಯಿಲ್ಲದೆ ಕೇವಲ ವಿದ್ಯುತ್ತಿನಿಂದ ಹುಟ್ಟಿಸಬಹುದೆ? ಹುಟ್ಟಿಸುವುದಾದರೆ ಎಲ್ಲಿಂದ ಆರಂಭಿಸಬೇಕು? ಈ ಪ್ರಶ್ನೆಗೆ ಉತ್ತರವನ್ನು ಹುಡುಕಲು ನೆರವಾಗುವ ಯಂತ್ರವೇ ಸಿಂಥಸೈಸರ್. ಹೊರನೋಟಕ್ಕೆ ಅದು ಹಾರ್ಮೋನಿಯಮ್ಮಿನ ಮನೆಗಳ ಮೇಲೆ ಸಾಲುಸಾಲಾಗಿ ತಿರುಗುವ ಗುಂಡಿಗಳನ್ನು ಜೋಡಿಸಿದಂತೆ ಕಾಣುತ್ತದೆ. ಹಾರ್ಮೋನಿಯಮ್ಮಿನಲ್ಲಿ ನಾದವು ಮೊದಲೇ ಸಿದ್ಧವಾಗಿರುತ್ತದೆ. ನಾವು ಸ್ವರವನ್ನು ಮಾತ್ರ ಆರಿಸಿಕೊಳ್ಳುತ್ತೇವೆ. ಸಿಂಥಸೈಸರಿನಲ್ಲಾದರೋ ನಾದವನ್ನೂ ನಾವೇ ಕಟ್ಟಬೇಕಾಗುತ್ತದೆ.

ಕಟ್ಟುವುದಕ್ಕೆ ಮೊದಲು ನಾದದ ರಚನೆಯನ್ನು ಅರಿಯಬೇಕು. ನಾದವೆಂದರೆ ಗಾಳಿಯ ಕಂಪನ. ಒಂದು ಸೆಕೆಂಡಿಗೆ ಎಷ್ಟು ಕಂಪನಗಳಾಗುತ್ತವೆಯೋ ಅದನ್ನು ಆವೃತ್ತಿ ಎನ್ನುತ್ತೇವೆ. ಆವೃತ್ತಿ ಹೆಚ್ಚಿದಂತೆ ಸ್ವರ ಮೇಲೇರುತ್ತದೆ. ಮಧ್ಯ ಷಡ್ಜವನ್ನು 240 ಕಂಪನಗಳಿಗೆ ಇಟ್ಟುಕೊಂಡರೆ ಮಂದ್ರ ಷಡ್ಜವು 120 ಆಗುತ್ತದೆ. ತಾರ ಷಡ್ಜವು 480 ಆಗುತ್ತದೆ. ಆದರೆ ಒಂದೇ ಷಡ್ಜವನ್ನು ಕೊಳಲೂ ನುಡಿಸಬಲ್ಲದು, ಪಿಟೀಲೂ ನುಡಿಸಬಲ್ಲದು. ಕಣ್ಣು ಮುಚ್ಚಿಕೊಂಡು ಕೇಳಿದರೂ ಇದು ಕೊಳಲು, ಇದು ಪಿಟೀಲು ಎಂದು ನಾವು ಹೇಳುತ್ತೇವೆ. ಈ ಭೇದ ಎಲ್ಲಿಂದ ಬಂದಿತು?

ತಂತಿಯೊಂದು ಕಂಪಿಸುವಾಗ ಅದು ಇಡಿಯಾಗಿ ಮಾತ್ರ ಕಂಪಿಸುವುದಿಲ್ಲ. ಎರಡು ಭಾಗಗಳಾಗಿ, ಮೂರು ಭಾಗಗಳಾಗಿ, ನಾಲ್ಕು, ಐದು ಭಾಗಗಳಾಗಿಯೂ ಅದೇ ಕಾಲದಲ್ಲಿ ಕಂಪಿಸುತ್ತದೆ. ಆದುದರಿಂದ 120 ಕಂಪನಗಳ ಮೂಲಸ್ವರದ ಜೊತೆಗೆ 240, 360, 480, 600 ಹೀಗೆ ಉಪಸ್ವರಗಳೂ ಹೊರಡುತ್ತವೆ. ಯಾವ ಉಪಸ್ವರ ಎಷ್ಟು ಬಲವಾಗಿದೆ ಎಂಬುದರ ಮೇಲೆ ವಾದ್ಯದ ನಾದಗುಣವು ನಿಲ್ಲುತ್ತದೆ. ಈ ತತ್ತ್ವವನ್ನು 19ನೆಯ ಶತಮಾನದಲ್ಲಿ ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಪ್ರಯೋಗಗಳಿಂದ ವಿವರಿಸಿದನು. ನಾದವನ್ನು ಹೀಗೆ ಬಿಡಿಸಿ ನೋಡಬಹುದಾದರೆ, ಬಿಡಿ ಭಾಗಗಳಿಂದ ನಾದವನ್ನು ಕಟ್ಟಲೂ ಬರಬೇಕಲ್ಲವೆ?

1964ರಲ್ಲಿ ಅಮೆರಿಕದ ರಾಬರ್ಟ್ ಮೋಗ್ ಎಂಬ ಎಂಜಿನಿಯರು ಇದಕ್ಕೆ ಅನುಕೂಲವಾದ ಒಂದು ಏರ್ಪಾಡನ್ನು ರೂಪಿಸಿದನು. ನಾದವನ್ನು ಹುಟ್ಟಿಸುವ, ಸೋಸುವ, ಏರಿಸಿ ಇಳಿಸುವ ಭಾಗಗಳು ಅದರಲ್ಲಿ ಬೇರೆಬೇರೆಯಾಗಿದ್ದು, ಇವೆಲ್ಲವನ್ನೂ ವಿದ್ಯುತ್ತಿನ ವೋಲ್ಟೇಜು ಆಳುತ್ತಿತ್ತು. ವೋಲ್ಟೇಜನ್ನು ಒಂದು ವೋಲ್ಟಿನಷ್ಟು ಹೆಚ್ಚಿಸಿದರೆ ಸ್ವರವು ಒಂದು ಸ್ಥಾಯಿ ಮೇಲೇರುತ್ತಿತ್ತು. ಭಾಗಗಳನ್ನು ತಂತಿಗಳಿಂದ ಬೇಕಾದಂತೆ ಜೋಡಿಸಿಕೊಳ್ಳಬಹುದಾಗಿತ್ತು. ಇಂದಿನ ಸಣ್ಣ ಸಿಂಥಸೈಸರುಗಳಲ್ಲಿಯೂ ಈ ಕ್ರಮವೇ ಉಳಿದುಬಂದಿದೆ.

ಈಗ ತಂಬೂರಿಯ ಮಂದ್ರ ಷಡ್ಜದ ತಂತಿಯನ್ನು ಕಟ್ಟಲು ತೊಡಗೋಣ. ಮೊದಲನೆಯ ಭಾಗ ಆಸಿಲೇಟರ್, ಅಂದರೆ ಆಂದೋಲಕ. ಇದು ಕೆಲವು ಸರಳ ಆಕಾರದ ಅಲೆಗಳನ್ನು ಹುಟ್ಟಿಸುತ್ತದೆ. ಸೈನ್ ಅಲೆಯಲ್ಲಿ ಮೂಲಸ್ವರವೊಂದೇ ಇರುತ್ತದೆ. ಚೌಕದ ಅಲೆಯಲ್ಲಿ ಮೂಲಸ್ವರದೊಡನೆ ಮೂರು, ಐದು, ಏಳು ಎಂಬ ಬೆಸಸಂಖ್ಯೆಯವು ಮಾತ್ರ ಇರುತ್ತವೆ. ಗರಗಸದ ಹಲ್ಲಿನ ಆಕಾರದ ಅಲೆಯಲ್ಲಿ ಎಲ್ಲ ಉಪಸ್ವರಗಳೂ ಇದ್ದು, ಎರಡನೆಯದು ಮೂಲಸ್ವರದ ಅರ್ಧದಷ್ಟು, ಮೂರನೆಯದು ಮೂರನೆಯ ಒಂದರಷ್ಟು, ಹೀಗೆ ಕ್ರಮವಾಗಿ ಇಳಿಯುತ್ತವೆ. ತಂಬೂರಿಗೆ ಎಲ್ಲ ಉಪಸ್ವರಗಳೂ ಬೇಕಾದುದರಿಂದ ನಾವು ಗರಗಸದ ಅಲೆಯನ್ನು ಆರಿಸಿ, ಅದನ್ನು 120ಕ್ಕೆ ನಿಲ್ಲಿಸುತ್ತೇವೆ. ಕಿವಿಗೆ ಈಗ ಕೇಳುವುದು ತಂಬೂರಿಯಲ್ಲ. ಜೀರುಂಡೆ ಕೊರೆದಂತಹ ಕರ್ಕಶ ಸದ್ದು. ಇದರಿಂದ ಎದೆಗುಂದಬೇಕಾಗಿಲ್ಲ. ಶಿಲ್ಪಿಯ ಮುಂದೆ ಬಂದು ಬಿದ್ದ ಬಂಡೆಯೂ ಮೊದಲ ದಿನ ಬಂಡೆಯೇ.

ಎರಡನೆಯ ಭಾಗ ಫಿಲ್ಟರ್, ಅಂದರೆ ಶೋಧಕ. ಹಿಟ್ಟನ್ನು ಜರಡಿ ಹಿಡಿಯುವಂತೆ ಇದು ನಾದವನ್ನು ಸೋಸುತ್ತದೆ. ಅದರ ಗುಂಡಿಯನ್ನು ಇಳಿಸಿದಂತೆ ಎತ್ತರದ ಉಪಸ್ವರಗಳು ಒಂದೊಂದಾಗಿ ಕುಗ್ಗಿ ನಾದ ಮೆತ್ತಗಾಗುತ್ತದೆ. ಏರಿಸಿದಂತೆ ಅವು ಮರಳಿ ಬಂದು ನಾದ ಹೊಳೆಯುತ್ತದೆ.

ಮೂರನೆಯದು ನಾದದ ಆಯುಷ್ಯವನ್ನು ಗೊತ್ತುಮಾಡುವ ಭಾಗ. ಇದಕ್ಕೆ ಎನ್ವಲಪ್ ಎಂದು ಹೆಸರು. ಅದರಲ್ಲಿ ನಾಲ್ಕು ಗುಂಡಿಗಳಿರುತ್ತವೆ. ನಾದವು ತುದಿಗೇರಲು ಹಿಡಿಯುವ ಕಾಲ ಅಟ್ಯಾಕ್. ತುದಿಯಿಂದ ಇಳಿಯುವ ಕಾಲ ಡಿಕೇ. ಮನೆಯನ್ನು ಒತ್ತಿ ಹಿಡಿದಿರುವಷ್ಟು ಹೊತ್ತು ನಿಲ್ಲುವ ಮಟ್ಟ ಸಸ್ಟೇನ್. ಬೆರಳನ್ನೆತ್ತಿದ ಮೇಲೆ ಅಡಗುವ ಕಾಲ ರಿಲೀಸ್. ಇವುಗಳಲ್ಲಿ ಮೂರು ಕಾಲದ ಅಳತೆಗಳು, ಒಂದು ಮಾತ್ರ ಮಟ್ಟದ ಅಳತೆ ಎಂಬುದನ್ನು ಹೊಸಬರು ನೆನಪಿಡಬೇಕು. ಪಿಟೀಲಿನ ನಾದವು ಕಮಾನು ಎಳೆಯುವಷ್ಟು ಹೊತ್ತೂ ನಿಲ್ಲುತ್ತದೆ. ಮೀಟಿದ ತಂತಿಯ ನಾದವಾದರೋ ಮೀಟಿದ ಕ್ಷಣದಿಂದಲೇ ಕರಗತೊಡಗುತ್ತದೆ. ಆದುದರಿಂದ ತಂಬೂರಿಗೆ ಅಟ್ಯಾಕನ್ನು ಸೊನ್ನೆಯ ಹತ್ತಿರಕ್ಕೆ, ಡಿಕೇಯನ್ನು ಹಲವು ಸೆಕೆಂಡುಗಳಿಗೆ, ಸಸ್ಟೇನನ್ನು ಸೊನ್ನೆಗೆ ಇಡುತ್ತೇವೆ.

ಇಷ್ಟಾದ ಮೇಲೆ ನಾದವು ಮೀಟಿದ ತಂತಿಯಂತೆ ಕೇಳಿಸುತ್ತದೆ. ಆದರೆ ತಂಬೂರಿಯಂತೆ ಕೇಳಿಸುವುದಿಲ್ಲ. ಏನೋ ಕೊರತೆಯಿದೆ. ಈ ಕೊರತೆಯನ್ನು ತಿಳಿಯಲು ಯಂತ್ರವನ್ನು ಬಿಟ್ಟು ವಾದ್ಯದ ಬಳಿಗೇ ಹೋಗಬೇಕು. ತಂಬೂರಿಯ ಕುದುರೆಯು ಪಿಟೀಲಿನ ಕುದುರೆಯಂತೆ ಚೂಪಾಗಿಲ್ಲ. ಅಗಲವಾಗಿ, ಸ್ವಲ್ಪ ಬಾಗಿದೆ. ಅದರ ಮೇಲೆ ತಂತಿಯ ಕೆಳಗೆ ಸಣ್ಣ ನೂಲೊಂದನ್ನು ಸಿಕ್ಕಿಸಿ ಹಿಂದೆ ಮುಂದೆ ಸರಿಸುತ್ತಾರೆ. ಒಂದು ಸ್ಥಳದಲ್ಲಿ ನಾದವು ಒಮ್ಮೆಲೇ ಅರಳುತ್ತದೆ. ಆ ನೂಲಿಗೆ ನಮ್ಮವರು ಜೀವಾಳವೆಂದು ಕರೆದಿರುವುದು ಅರ್ಥಪೂರ್ಣವಾಗಿದೆ.

ಈ ವಿಚಾರವನ್ನು ಸರ್ ಸಿ. ವಿ. ರಾಮನ್ನರು ಆಳವಾಗಿ ಪರಿಶೀಲಿಸಿದರು. ಬೆಳಕಿನ ಸಂಶೋಧನೆಗಾಗಿ 1930ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದು, 1933ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದ ರಾಮನ್ನರು ಅದಕ್ಕೂ ಮೊದಲೇ ನಮ್ಮ ವಾದ್ಯಗಳನ್ನು ಕುರಿತು ಬರೆದಿದ್ದರು. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೆಯೋ ಆ ಬಿಂದುವಿನಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರಗಳು ಹುಟ್ಟಲಾರವು ಎಂಬುದು ಆವರೆಗೆ ಒಪ್ಪಿಬಂದಿದ್ದ ನಿಯಮ. ತಂತಿಯನ್ನು ನಟ್ಟನಡುವೆ ಮೀಟಿದರೆ ಎರಡನೆಯ, ನಾಲ್ಕನೆಯ ಉಪಸ್ವರಗಳು ಕೇಳಿಸಕೂಡದು. ವೀಣೆಯಲ್ಲಿಯೂ ತಂಬೂರಿಯಲ್ಲಿಯೂ ಅವು ಸ್ಪಷ್ಟವಾಗಿ ಕೇಳಿಸುತ್ತವೆ ಎಂದು ರಾಮನ್ನರು 1921ರಲ್ಲಿ ಪ್ರಕಟಿಸಿದರು. ಕಂಪಿಸುವ ತಂತಿಯು ಬಾಗಿದ ಕುದುರೆಯನ್ನು ಮತ್ತೆ ಮತ್ತೆ ತಾಗುವುದರಿಂದ ಇಲ್ಲದಿದ್ದ ಉಪಸ್ವರಗಳು ಹುಟ್ಟುತ್ತವೆ. ಮೃದಂಗದ ಕರಣೆಯಿಂದ ಅದರ ನಾದಕ್ಕೆ ಸ್ವರದ ಸ್ಪಷ್ಟತೆ ಬರುವುದನ್ನೂ ಅವರು ತೋರಿಸಿಕೊಟ್ಟರು. ಹೆಸರಿಲ್ಲದ ಕುಶಲಕರ್ಮಿಗಳು ಕಿವಿಯನ್ನೇ ಅಳತೆಗೋಲಾಗಿ ಮಾಡಿಕೊಂಡು ಸಾಧಿಸಿದ್ದುದನ್ನು ವಿಜ್ಞಾನವು ಹೀಗೆ ಗುರುತಿಸಿತು.

ಇದರಿಂದ ನಮ್ಮ ನಾದದ ಕೊರತೆ ತಿಳಿಯಿತು. ಮೀಟಿದ ಸಾಮಾನ್ಯ ತಂತಿಯಲ್ಲಿ ಎತ್ತರದ ಉಪಸ್ವರಗಳು ಮೊದಲು ಸಾಯುತ್ತವೆ. ತಂಬೂರಿಯಲ್ಲಿ ಅವು ಮೀಟಿದ ತರುವಾಯ ಒಂದರ ಹಿಂದೊಂದು ಮೇಲೆದ್ದು ಬರುತ್ತವೆ. ಆದುದರಿಂದ ಫಿಲ್ಟರಿಗೆ ಪ್ರತ್ಯೇಕವಾದ ಎನ್ವಲಪ್ ಒಂದನ್ನು ಜೋಡಿಸಿ, ಅದರ ಅಟ್ಯಾಕನ್ನು ನಿಧಾನಗೊಳಿಸಬೇಕು. ಆಗ ನಾದವು ಮೆತ್ತಗೆ ಹುಟ್ಟಿ, ಕ್ಷಣಕಾಲದ ಮೇಲೆ ತೆರೆದುಕೊಂಡು, ಮತ್ತೆ ಮುಚ್ಚಿಕೊಳ್ಳುತ್ತದೆ. ಮಧ್ಯ ಷಡ್ಜದ ಎರಡು ತಂತಿಗಳಿಗಾಗಿ ಎರಡು ಆಸಿಲೇಟರುಗಳನ್ನಿಟ್ಟು, ಒಂದನ್ನು 240ಕ್ಕೂ ಇನ್ನೊಂದನ್ನು 240.5ಕ್ಕೂ ನಿಲ್ಲಿಸಿದರೆ ಎರಡು ಸೆಕೆಂಡಿಗೊಮ್ಮೆ ನಾದವು ಅಲೆಯಂತೆ ಉಬ್ಬಿ ತಗ್ಗುತ್ತದೆ. ಪಂಚಮಕ್ಕೆ 180ನ್ನು ಸೇರಿಸಿದರೆ ನಾಲ್ಕು ತಂತಿಗಳೂ ಪೂರ್ಣವಾದವು. ಇದು ನಿಜವಾದ ತಂಬೂರಿಯಲ್ಲ. ಆದರೆ ಅದರ ಗುಟ್ಟನ್ನು ಅರಿತು ಮಾಡಿದ ರಚನೆ.

ಈ ಶ್ರಮವೇಕೆ? ಅಂಗಡಿಯಲ್ಲಿ ಸಿಗುವ ಕೀಬೋರ್ಡಿನಲ್ಲಿ ನೂರಾರು ಸಿದ್ಧ ನಾದಗಳಿವೆಯಲ್ಲ ಎಂದು ನೀವು ಕೇಳಬಹುದು. 1983ರಲ್ಲಿ ಜಪಾನಿನ ಯಮಾಹ ಕಂಪನಿಯು ಡಿಎಕ್ಸ್7 ಎಂಬ ವಾದ್ಯವನ್ನು ಹೊರತಂದಿತು. ಅದರೊಳಗೆ 32 ನಾದಗಳಿಗೆ ಎಡೆಯಿತ್ತು. ಹೊಸ ನಾದವನ್ನು ಕಟ್ಟುವುದು ಅದರಲ್ಲಿ ಕಠಿಣವಾಗಿದ್ದುದರಿಂದ ಹೆಚ್ಚಿನವರು ಸಿದ್ಧ ನಾದಗಳಿಂದಲೇ ತೃಪ್ತರಾದರು. ಪರಿಣಾಮವಾಗಿ ಎಷ್ಟೋ ದೇಶಗಳ ಹಾಡುಗಳಲ್ಲಿ ಒಂದೇ ಗಂಟೆ, ಒಂದೇ ಪಿಯಾನೊ ಕೇಳತೊಡಗಿತು. ಸಿದ್ಧ ನಾದವೆಂದರೆ ಬೇರೊಬ್ಬರ ಕಿವಿ ನಮಗಾಗಿ ತೆಗೆದುಕೊಂಡ ತೀರ್ಮಾನ.

ಆ ತೀರ್ಮಾನ ನಮ್ಮ ಸಂಗೀತಕ್ಕೆ ಎಷ್ಟರ ಮಟ್ಟಿಗೆ ಹೊಂದುತ್ತದೆ ಎಂಬುದನ್ನು ಒಂದು ಲೆಕ್ಕದಿಂದ ನೋಡೋಣ. ಮಂದ್ರ ಷಡ್ಜದ ತಂತಿಯ ಐದನೆಯ ಸ್ವರ 600. ಅದನ್ನು ಒಂದು ಸ್ಥಾಯಿ ಇಳಿಸಿದರೆ 300. ಇದು ಅಂತರ ಗಾಂಧಾರ. ಯಾರೂ ಮೀಟದಿದ್ದರೂ ತಂಬೂರಿಯಲ್ಲಿ ಗಾಂಧಾರವು ತಾನಾಗಿ ಕೇಳಿಬರುವುದು ಈ ಕಾರಣದಿಂದ. ಕೀಬೋರ್ಡಿನಲ್ಲಿಯಾದರೋ ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿರುವುದರಿಂದ 240ರ ಷಡ್ಜಕ್ಕೆ ಗಾಂಧಾರವು ಸುಮಾರು 302.4 ಆಗುತ್ತದೆ. ತಂಬೂರಿಯ ಗಾಂಧಾರಕ್ಕೂ ಇದಕ್ಕೂ ಸೆಕೆಂಡಿಗೆ ಎರಡಕ್ಕಿಂತ ಹೆಚ್ಚು ಕಂಪನಗಳ ಅಂತರ. ಅಂತರ ಚಿಕ್ಕದು; ಆದರೆ ಶ್ರುತಿಯಲ್ಲಿ ಪಳಗಿದ ಕಿವಿಗೆ ಅದು ಚಪ್ಪಲಿಯೊಳಗೆ ಸಿಕ್ಕ ಮರಳಿನ ಹರಳಿನಂತೆ. ಸ್ವರಗಳನ್ನು ಬೇಕಾದಂತೆ ಸರಿಪಡಿಸಿಕೊಳ್ಳಲು ಕೆಲವು ಸಿಂಥಸೈಸರುಗಳಲ್ಲಿ ಅವಕಾಶವಿದೆ. ಕೊರತೆಯನ್ನು ಕೇಳಬಲ್ಲವನು ಮಾತ್ರ ಅದನ್ನು ಬಳಸಿಕೊಳ್ಳುತ್ತಾನೆ.

ನಮ್ಮ ದೇಶದಲ್ಲಿ ಹೀಗೆ ಕೇಳಿದವರು, ಕಟ್ಟಿದವರು ಉಂಟು. 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಮೋಗ್ ಸಿಂಥಸೈಸರನ್ನು ಸ್ಥಾಪಿಸಿದನು. ಗೀತಾ ಸಾರಾಭಾಯಿ, ಅತುಲ್ ದೇಸಾಯಿ ಮೊದಲಾದವರು ಅದರಲ್ಲಿ ಪ್ರಯೋಗಗಳನ್ನು ನಡೆಸಿದರು. ಅವರ ಧ್ವನಿಮುದ್ರಿಕೆಗಳು ಬಹುಕಾಲ ಮರೆಯಲ್ಲಿದ್ದು, 2023ರಲ್ಲಿ ಬೆಳಕಿಗೆ ಬಂದವು. 1970ರ ದಶಕದ ಕೊನೆಯ ವೇಳೆಗೆ ಬೆಂಗಳೂರಿನ ಎಂಜಿನಿಯರೂ ಕೊಳಲುವಾದಕರೂ ಆದ ಜಿ. ರಾಜನಾರಾಯಣ ಅವರು ವಿದ್ಯುತ್ತಿನ ತಂಬೂರಿಯನ್ನು ರೂಪಿಸಿದರು. ಪುಸ್ತಕದ ಗಾತ್ರದ ಆ ಬಗೆಯ ಪೆಟ್ಟಿಗೆಗಳು ಇಂದು ಎಷ್ಟೋ ಸಂಗೀತ ಪಾಠದ ಮನೆಗಳಲ್ಲಿ ನುಡಿಯುತ್ತಿವೆ. ಎಂಜಿನಿಯರಿಂಗಿನ ಜೊತೆಗೆ ಶ್ರುತಿಜ್ಞಾನವೂ ಕೂಡಿದ್ದುದರಿಂದ ಈ ಕೆಲಸ ಕೈಗೂಡಿತು.

ಸಿಂಥಸೈಸರು ಎಲ್ಲ ಊರುಗಳಲ್ಲಿ ದೊರೆಯದಿರಬಹುದು. ಆದರೆ ಅದರ ಮೊದಲ ಪಾಠಕ್ಕೆ ಯಂತ್ರದ ಅಗತ್ಯವಿಲ್ಲ. ಭಜನೆ ನಡೆಯುವ ಕಡೆ ತಂಬೂರಿಯಿದ್ದರೆ ಹಿರಿಯರ ಅನುಮತಿ ಪಡೆದು, ತಂತಿಯ ಐದನೆಯ ಒಂದು ಭಾಗದ ಸ್ಥಳಕ್ಕೆ ಬೆರಳನ್ನು ಹಗುರವಾಗಿ ತಾಗಿಸಿ ಮೀಟಿ ನೋಡಿರಿ. ಅಡಗಿದ್ದ ಗಾಂಧಾರವು ಒಂಟಿಯಾಗಿ ಹೊರಬರುತ್ತದೆ. ಬಳಿಕ ಬೆರಳನ್ನು ತೆಗೆದು ಇಡೀ ತಂತಿಯನ್ನು ಮೀಟಿರಿ. ಮೊದಲು ಕೇಳಿಸದಿದ್ದ ಆ ಸ್ವರವು ಈಗ ಎಲ್ಲ ಸ್ವರಗಳ ನಡುವೆಯೂ ಕೇಳಿಸತೊಡಗುತ್ತದೆ. ತಂತಿ ಬದಲಾಗಿಲ್ಲ, ಕೇಳುವ ಕಿವಿ ಬದಲಾಗಿದೆ. ನಾದವನ್ನು ಕಟ್ಟುವ ವಿದ್ಯೆಗೆ ಇದೇ ತಳಹದಿ.